ಕಪ್ಪೆ ಹಿಡಿದರೂ ಕಾನೂನಿನಲ್ಲಿ ಅದು ಬೇಟೆಯೇ: ವನ್ಯಜೀವಿ ಸಂಶೋಧನೆಗೆ, ಪಾಠಕ್ಕೆ ಅನುಮತಿ

ತೇವದೆಲೆ:
ಪ್ರಾಣಿಶಾಸ್ತ್ರ ವಿಭಾಗದಿಂದ ಎರಡು ಕೆಲಸಕ್ಕೆ ಅರ್ಜಿ ಹಾಕಬೇಕಿದೆ. ಮೊದಲನೆಯದು ಪಶ್ಚಿಮ ಘಟ್ಟದ ಒಂದು ಅಭಯಾರಣ್ಯದ ಒಳಗೂ ಅದರ ಅಂಚಿನ ತೋಟಗಳಲ್ಲೂ ಕಪ್ಪೆ ಮತ್ತು ಬಾವಲಿ ಸಮೀಕ್ಷೆ. ಹಿಡಿದು ಅಳತೆ ತೆಗೆಯುವುದು, ಕಪ್ಪೆಯ ಚರ್ಮದಿಂದ ಸ್ವಾಬ್, ಬಾವಲಿಯ ರೆಕ್ಕೆಯಿಂದ ಚಿಕ್ಕ ಅಂಗಾಂಶ, ಮತ್ತೆ ಅಲ್ಲೇ ಬಿಡುವುದು. ಎರಡನೆಯದು 12 ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಮೂರು ದಿನದ ಕ್ಷೇತ್ರ ಪಾಠ. ಯಾವುದನ್ನೂ ಕೊಲ್ಲುವುದಿಲ್ಲ. ಎರಡಕ್ಕೂ ಸೇರಿಸಿ ಒಂದೇ ಪತ್ರ ಬರೆದರೆ ಸಾಕೇ? ಯಾರಿಗೆ ಬರೆಯಬೇಕು? ತೋಟದಲ್ಲಿ ಹಿಡಿಯಲು ತೋಟದ ಯಜಮಾನರ ಒಪ್ಪಿಗೆ ಇದೆ, ಅದು ಸಾಲದೇ?

ಹಳೇಕಡತ:
ಒಂದೇ ಪತ್ರ ಸಾಲದು. ಯಜಮಾನರ ಒಪ್ಪಿಗೆಯೂ ಸಾಲದು, ಆದರೆ ಅದೂ ಬೇಕು.

ನಿಮ್ಮ ಪ್ರಶ್ನೆಯಲ್ಲೇ ಒಂದು ಮಾತು ಎಡವಿದೆ: "ಯಾವುದನ್ನೂ ಕೊಲ್ಲುವುದಿಲ್ಲ." ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಕಲಂ 2(16) ತೆಗೆದು ನೋಡಿ. ಅಲ್ಲಿ "ಬೇಟೆ" ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಬಲೆ ಒಡ್ಡುವುದು, ಉರುಳು ಹಾಕುವುದು, ಆಮಿಷ ಇಡುವುದು, ಅಟ್ಟುವುದು, ಇವುಗಳ ಪ್ರಯತ್ನ, ಪ್ರಾಣಿಯ ದೇಹದ ಯಾವುದೇ ಭಾಗ ತೆಗೆಯುವುದು, ಎಲ್ಲವೂ ಬೇಟೆಯೇ. ಹಕ್ಕಿ ಮತ್ತು ಸರೀಸೃಪಗಳ ವಿಷಯದಲ್ಲಿ ಮೊಟ್ಟೆ, ಗೂಡು ಕದಡಿದರೂ ಬೇಟೆ. ಬಾವಲಿಗೆ ಬಲೆ ಕಟ್ಟುವುದು ಒಂದು ಬೇಟೆ, ರೆಕ್ಕೆಯಿಂದ 3 ಮಿ.ಮೀ. ಅಂಗಾಂಶ ತೆಗೆಯುವುದು ಇನ್ನೊಂದು. ಬೇಟೆಯನ್ನು ಕಲಂ 9 ನಿಷೇಧಿಸುತ್ತದೆ. ಶಿಕ್ಷಣ ಮತ್ತು ವೈಜ್ಞಾನಿಕ ಸಂಶೋಧನೆಗೆ ಅದರಿಂದ ದಾರಿ ಬಿಡುವುದು ಕಲಂ 12.

ಆದ್ದರಿಂದ ಅರ್ಜಿ ಬರೆಯುವ ಮೊದಲು ಪ್ರಾಣಿಗಳ ಪಟ್ಟಿ ಮಾಡಬೇಡಿ, ಕ್ರಿಯಾಪದಗಳ ಪಟ್ಟಿ ಮಾಡಿ. ಒಳಗೆ ಹೋಗುತ್ತೇವೆ. ನೋಡುತ್ತೇವೆ. ಹಿಡಿಯುತ್ತೇವೆ. ತುಣುಕು ತೆಗೆಯುತ್ತೇವೆ. ಹೊರಗೆ ಒಯ್ಯುತ್ತೇವೆ. ಇಟ್ಟುಕೊಳ್ಳುತ್ತೇವೆ. ಬೇರೆ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಒಂದೊಂದು ಕ್ರಿಯಾಪದಕ್ಕೂ ಒಂದೊಂದು ಕಲಂ, ಒಂದೊಂದು ಸಹಿ.

ಅಭಯಾರಣ್ಯದ ಒಳಗೆ ಹೋಗುವುದು, ಅಧ್ಯಯನ ಮಾಡುವುದು ಕಲಂ 28. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಕಲಂ ಅನ್ವಯಿಸುವಂತೆ ಕಲಂ 35ರಲ್ಲಿ ಹೇಳಿದೆ. ಹಿಡಿಯುವುದು, ತುಣುಕು ತೆಗೆಯುವುದು ಕಲಂ 12. ಅಭಯಾರಣ್ಯದಿಂದ ಏನನ್ನಾದರೂ ಹೊರಗೆ ಒಯ್ಯುವುದಾದರೆ ಕಲಂ 29 ಎದುರಾಗುತ್ತದೆ. ಅನುಮತಿ ನೀಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಕರ್ನಾಟಕದಲ್ಲಾದರೆ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನ. ಸ್ಥಳೀಯ ವಲಯ ಅರಣ್ಯಾಧಿಕಾರಿ ಎಷ್ಟೇ ಒಳ್ಳೆಯವರಿರಲಿ, ಅವರ ಬಾಯಿಮಾತಿನ "ಆಯ್ತು ಹೋಗಿ ಬನ್ನಿ" ಎಂಬುದು ಕಲಂ 28 ಆಗುವುದಿಲ್ಲ, 12 ಅಂತೂ ದೂರದ ಮಾತು.

ಗೂಬೆಕಣ್ಣು:
ತೋಟದ ವಿಷಯದಲ್ಲಿ ಒಂದು ತಕರಾರು. ಕಾಯ್ದೆಯ ಪ್ರಕಾರ "ವನ್ಯಪ್ರಾಣಿ" ಅಂದರೆ ಅನುಸೂಚಿಯಲ್ಲಿ (ಕಾಯ್ದೆಗೆ ಲಗತ್ತಿಸಿದ ಜಾತಿಗಳ ಪಟ್ಟಿಯಲ್ಲಿ) ಹೆಸರಿರುವ ಪ್ರಾಣಿ. ಅನುಸೂಚಿಯಲ್ಲಿ ಇಲ್ಲದ ಕಪ್ಪೆಯನ್ನು ಖಾಸಗಿ ತೋಟದಲ್ಲಿ ಹಿಡಿದರೆ ಕಲಂ 9 ಹೇಗೆ ಬರುತ್ತದೆ? ಎಲ್ಲದಕ್ಕೂ ಅರ್ಜಿ ಹಾಕಿ ಹಾಕಿ ನಾವೇ ಕಡತಗಳ ಗುಡ್ಡೆ ಎಬ್ಬಿಸುತ್ತಿದ್ದೇವೆ.

ಹಳೇಕಡತ:
ಗೂಬೆಕಣ್ಣು ಅವರ ಮಾತು ತೋಟದ ಮಟ್ಟಿಗೆ ಸರಿ. ಅನುಸೂಚಿ 1 ಅಥವಾ 2ರಲ್ಲಿ ಹೆಸರಿಲ್ಲದ ಜಾತಿಗೆ ಕಲಂ 9 ತಾಗುವುದಿಲ್ಲ. ಆದರೆ ಬೇಲಿ ದಾಟಿ ಅಭಯಾರಣ್ಯಕ್ಕೆ ಬಂದ ಕೂಡಲೇ ಪದ ಬದಲಾಗುತ್ತದೆ. ಅಲ್ಲಿ ಕಾನೂನು ಕಾಯುವುದು "ವನ್ಯಪ್ರಾಣಿ"ಯನ್ನಲ್ಲ, "ವನ್ಯಜೀವಿ"ಯನ್ನು. ಕಲಂ 2(37)ರಲ್ಲಿ ಅದರ ಅರ್ಥ ಆವಾಸದ ಭಾಗವಾಗಿರುವ ಯಾವುದೇ ಪ್ರಾಣಿ, ನೀರಿನ ಹಾಗೂ ನೆಲದ ಸಸ್ಯ. ಅನುಸೂಚಿಯ ಮಾತೇ ಅಲ್ಲಿಲ್ಲ. ಇರುವೆ, ಪಾಚಿ, ಗೊದಮೊಟ್ಟೆ, ಯಾವುದನ್ನೂ ಅಲ್ಲಿಂದ ತೆಗೆಯುವ ಹಾಗಿಲ್ಲ. ಮೀಸಲು ಅರಣ್ಯವಾದರೆ ಇದರ ಜೊತೆ ಕರ್ನಾಟಕ ಅರಣ್ಯ ಕಾಯ್ದೆ, 1963 ಕೂಡ.

ಇನ್ನೊಂದು ಪ್ರಾಯೋಗಿಕ ತೊಡಕು. ಬಲೆಗೆ ಅನುಸೂಚಿ ಓದಲು ಬರುವುದಿಲ್ಲ. ತೋಟದಲ್ಲಿ ಕಟ್ಟಿದ ಬಲೆಗೆ ನೀವು ಬಯಸದ ಜಾತಿ ಬಿದ್ದರೆ ಅದೂ ಹಿಡಿದ ಲೆಕ್ಕವೇ. ಹಾಗಾಗಿ ಬಲೆ ಇದ್ದಲ್ಲಿ ತೋಟಕ್ಕೂ ಅರ್ಜಿ ಹಾಕಿ. ಕಣ್ಣಲ್ಲಿ ನೋಡಿ, ಕೈಯಲ್ಲಿ ಒಂದೊಂದೇ ಹಿಡಿಯುವ ಕೆಲಸಕ್ಕೆ ಗೂಬೆಕಣ್ಣು ಅವರ ವಾದ ಸರಿಹೋಗುತ್ತದೆ.

ಎರಡನೇಸಾಲು:
ನನ್ನ ಹತ್ತಿರ ಇರುವ ಪಟ್ಟಿಯಲ್ಲಿ ಆರು ಅನುಸೂಚಿ ಇವೆ. ಇಲ್ಲಿ ಎರಡರ ಬಗ್ಗೆ ಮಾತ್ರ ಹೇಳ್ತಿದ್ದೀರಿ?

ಹಳೇಕಡತ:
ಆ ಪಟ್ಟಿ ಪಕ್ಕಕ್ಕಿಡಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಇರುವುದು ನಾಲ್ಕೇ. ಅನುಸೂಚಿ 1 ಮತ್ತು 2 ಪ್ರಾಣಿಗಳಿಗೆ, 3 ಸಸ್ಯಗಳಿಗೆ, 4 ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಜಾತಿಗಳಿಗೆ. ಪೀಡಕ ಪ್ರಾಣಿಗಳ ಹಳೆಯ ಅನುಸೂಚಿ 5 ಹೋಯಿತು. ಹಲವು ಜಾತಿಗಳು ಮೇಲಕ್ಕೆ ಏರಿವೆ. ಉದಾಹರಣೆಗೆ ನರಿ ಮೊದಲು 2ರಲ್ಲಿತ್ತು, ಈಗ 1ರಲ್ಲಿದೆ.

ಇದು ಬರೀ ಕ್ರಮಸಂಖ್ಯೆಯ ವಿಷಯವಲ್ಲ. ಕಲಂ 12ರ ಅನುಮತಿ ಕೊಡುವ ಮೊದಲು ಅನುಸೂಚಿ 1ರ ಪ್ರಾಣಿಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಉಳಿದ ವನ್ಯಪ್ರಾಣಿಗೆ ರಾಜ್ಯ ಸರ್ಕಾರದ್ದು. ಹಳೆಯ ಪಟ್ಟಿ ನೋಡಿ ನರಿಗೆ ರಾಜ್ಯ ಸಾಕು ಎಂದು ಬರೆದರೆ ಕಡತ ಅರ್ಧ ದಾರಿಯಲ್ಲಿ ತಿರುಗಿ ದೆಹಲಿ ಹಾದಿ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಮಳೆಗಾಲ ಮುಗಿದಿರುತ್ತದೆ.

ಹೆಸರಿನದೂ ಒಂದು ಗೋಳು. ವರ್ಗೀಕರಣದವರು ಹೆಸರು ಬದಲಿಸುತ್ತಾರೆ, ಕಡತ ನೋಡುವವರು ಹಳೆಯ ಹೆಸರನ್ನೇ ಹುಡುಕುತ್ತಾರೆ. ಸಾಮಾನ್ಯ ನೆಲಗಪ್ಪೆಯನ್ನು ಡಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್ ಎಂದು ಮಾತ್ರ ಬರೆದರೆ ಸಾಲದು, ಹಿಂದಿನ ಹೆಸರು ಬ್ಯುಫೋ ಮೆಲನೋಸ್ಟಿಕ್ಟಸ್ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಕನ್ನಡದ ಹೆಸರು, ಇಂಗ್ಲಿಷ್ ಹೆಸರು, ಈಗಿನ ವೈಜ್ಞಾನಿಕ ಹೆಸರು, ಹಳೆಯದು, ಅನುಸೂಚಿ ಸಂಖ್ಯೆ: ಒಂದು ಕೋಷ್ಟಕದಲ್ಲಿ ಐದು ಕಂಬಸಾಲು.

ಬಲೆಕಂಬ:
ಆ ಕೋಷ್ಟಕಕ್ಕೆ ಆರನೇ ಕಂಬಸಾಲು ನಾನು ಸೇರಿಸ್ತೀನಿ: ಸಂಖ್ಯೆ. ಅರ್ಜಿಗಳು ವಾಪಸ್ ಬರೋದು ಹೆಚ್ಚಾಗಿ ಇಲ್ಲೇ. "ಅಗತ್ಯಕ್ಕೆ ತಕ್ಕಷ್ಟು", "ಸುಮಾರು 50ರಿಂದ 100" ಅಂತೆಲ್ಲ ಬರೀತಾರೆ. ಕಲಂ 12ರ ಪರವಾನಗಿ ಯಾವ ಪ್ರಾಣಿಗೆ ಅಂತ ಹೆಸರು ಹಿಡಿದು ಕೊಡೋದು. ಎಷ್ಟು ಅನ್ನೋದು ಬರೆಯದಿದ್ದರೆ ಕೊಡೋರಿಗೂ ಭಯ.

ಸಂಖ್ಯೆಗೆ ಕಾರಣ ಕೊಡೋದು ಹೀಗೆ. ತೋಟ ಮತ್ತು ಕಾಡು, ಎರಡು ಗುಂಪು. ಎರಡರ ನಡುವೆ ಒಂದು ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಇದೆಯಾ ನೋಡಬೇಕು. ಪರಿಣಾಮದ ಗಾತ್ರ (ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದು) 0.8, ಮಹತ್ವ ಮಟ್ಟ (ಇಲ್ಲದ ವ್ಯತ್ಯಾಸ ಇದೆ ಅನ್ನೋ ತಪ್ಪಿನ ಮಿತಿ) 0.05, ಪರೀಕ್ಷೆಯ ಶಕ್ತಿ (ಇರೋ ವ್ಯತ್ಯಾಸ ಕಾಣೋ ಸಾಧ್ಯತೆ) 80 ಶೇಕಡಾ ಅಂತ ಇಟ್ಟರೆ, ಎರಡು ಗುಂಪಿನ ಸರಾಸರಿ ಹೋಲಿಸೋ ಟಿ-ಪರೀಕ್ಷೆಗೆ ಗುಂಪಿಗೆ 26 ಬೇಕು. ಕೈಯಿಂದ ಜಾರಿದವು, ಕೆಟ್ಟ ಮಾದರಿ ಅಂತ 15 ಶೇಕಡಾ ಹೋಗುತ್ತೆ ಅಂದ್ಕೊಂಡ್ರೆ 26 ಭಾಗಿಸು 0.85, ಅಂದರೆ 31. ಒಂದು ಜಾತಿಗೆ 62. ಈ ನಾಲ್ಕು ಸಾಲು ಅರ್ಜಿಯಲ್ಲಿದ್ದರೆ "62 ಯಾಕೆ?" ಅಂತ ಯಾರೂ ಕೇಳಲ್ಲ. ಪರಿಣಾಮ ಚಿಕ್ಕದು ಅನ್ನಿಸಿದರೆ ಸಂಖ್ಯೆ ಬೆಟ್ಟದಂತೆ ಏರುತ್ತೆ, ಆವಾಗ ಪ್ರಶ್ನೆಯನ್ನೇ ಬದಲಿಸೋದು ಒಳ್ಳೇದು.

ಎರಡು ಲೆಕ್ಕ ಬೇರೆ ಬೇರೆ ಇಡಿ: ಹಿಡಿಯೋದು ಎಷ್ಟು, ಮಾದರಿ ತೆಗೆಯೋದು ಎಷ್ಟು. ಪರವಾನಗಿಯಲ್ಲಿ ಎಣಿಕೆ ಆಗೋದು ಹಿಡಿದದ್ದು. 62 ಮಾದರಿಗೆ 62 ಹಿಡಿಯೋಕೆ ಮಾತ್ರ ಕೇಳಿದರೆ, ಮರಿ, ಬಸುರಿ, ಹಾಲೂಡಿಸೋ ಬಾವಲಿಗಳನ್ನ ಹಾಗೇ ಬಿಟ್ಟಾಗ ನಿಮ್ಮ ಕೋಟಾ ಮುಗಿದು ಮಾದರಿ ಅರ್ಧಕ್ಕೆ ನಿಂತಿರುತ್ತೆ.

ಆಮೇಲೆ ಬೇರೆ ಜಾತಿ ಬೀಳೋದು. ಬಾವಲಿ ಬಲೆಗೆ ಗೂಬೆ, ನತ್ತಿಂಗ, ದೊಡ್ಡ ಪತಂಗ ಎಲ್ಲಾ ಬೀಳುತ್ತೆ. "ಉದ್ದೇಶಿಸದ ಜಾತಿ ಸಿಕ್ಕರೆ ಅಳತೆ, ಮಾದರಿ ಇಲ್ಲದೆ ಕೂಡಲೇ ಬಿಡಲಾಗುವುದು, ದಿನಾಂಕ ಜಾತಿ ಸಹಿತ ದಾಖಲಿಸಲಾಗುವುದು" ಅನ್ನೋ ಸಾಲು ಕಡ್ಡಾಯ ಹಾಕಿ. ಅನುಸೂಚಿ 1ರದ್ದು ಬೀಳೋ ಸಾಧ್ಯತೆ ಇದ್ದರೆ ಹೆಸರು ಹಾಕಿ ಮೊದಲೇ ಕೇಳಿ. ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಗಳಲ್ಲಿ ರಾಟನ್ಸ್ ಫ್ರೀ-ಟೇಲ್ಡ್ ಬಾವಲಿ ಇದೆ. ಅಂಥ ಕಡೆ ಗುಹೆ ಬಾಯಿಗೆ ಬಲೆ ಕಟ್ಟುತ್ತೀನಿ ಅಂತ ಬರೆದರೆ ಅರ್ಜಿ ಅಲ್ಲೇ ಸತ್ತಹಾಗೆ, ಸಾಯಲೂಬೇಕು. ಅಲ್ಲಿಗೆ ಧ್ವನಿ ರೆಕಾರ್ಡರ್ ತಗೊಂಡು ಹೋಗಿ.

ತೇವದೆಲೆ:
ತುಂಬಾ ಉಪಯೋಗ ಆಯ್ತು. ವಿಧಾನದ ಭಾಗ ಎಷ್ಟು ಬಿಡಿಸಿ ಬರೆಯಬೇಕು? ಸಂಶೋಧನಾ ಪ್ರಸ್ತಾವದ 40 ಪುಟ ಹಾಗೇ ಲಗತ್ತಿಸಿದರೆ ಆಗುವುದೇ?

ಬಲೆಕಂಬ:
40 ಪುಟ ಯಾರೂ ಓದಲ್ಲ ಮೇಡಂ. ಮುಖ್ಯ ಅರ್ಜಿ ಎರಡು ಪುಟ, ಅದಕ್ಕೆ ಲಗತ್ತು. ಆದರೆ ಆ ಎರಡು ಪುಟದಲ್ಲಿ ಪ್ರಾಣಿಯ ಮೈಮೇಲೆ ಏನೇನಾಗುತ್ತೆ ಅನ್ನೋದು ಗಂಟೆ, ಮಿಲಿಮೀಟರ್ ಲೆಕ್ಕದಲ್ಲಿ ಇರಬೇಕು.

ಬಾವಲಿಗೆ: ಮಿಸ್ಟ್ ನೆಟ್ (ಹಾರೋ ಪ್ರಾಣಿ ಹಿಡಿಯೋ ತೆಳು ಬಲೆ) ಎಷ್ಟು, ಉದ್ದ ಎಷ್ಟು, ಎಲ್ಲಿ. ಸೂರ್ಯಾಸ್ತಕ್ಕೆ ಬಿಚ್ಚಿ ಎಷ್ಟು ಗಂಟೆಗೆ ಸುತ್ತೋದು. ಬಲೆ ಪಕ್ಕ ಸದಾ ಜನ ಇರ್ತಾರಾ, ಎಷ್ಟು ನಿಮಿಷಕ್ಕೊಮ್ಮೆ ನೋಡೋದು. ಬಾವಲಿ ಬಲೇನ ಕಚ್ಚಿ ಕಚ್ಚಿ ಸುತ್ತಿಕೊಳ್ಳುತ್ತೆ, 10 ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ರೆಕ್ಕೆ ಹರಿಯೋದು, ಬಲೆ ತೂತಾಗೋದು ಎರಡೂ ಖಾತ್ರಿ. ಮಳೆ, ಜೋರು ಗಾಳಿ ಬಂದರೆ ಮುಚ್ಚೋದು. ಬಟ್ಟೆ ಚೀಲಕ್ಕೆ ಒಂದೇ ಬಾವಲಿ. 3 ಮಿ.ಮೀ. ಬಯಾಪ್ಸಿ ಪಂಚ್, ರಕ್ತನಾಳ ತಪ್ಪಿಸಿ, ಒಂದು ರೆಕ್ಕೆಗೆ ಒಂದೇ. ಹಿಡಿದಾಗಿನಿಂದ ಬಿಡೋವರೆಗೆ ಹೆಚ್ಚೆಂದರೆ ಎಷ್ಟು ಹೊತ್ತು ಅನ್ನೋದಕ್ಕೆ ಒಂದು ಅಂಕಿ ಕೊಡಿ.

ಹಕ್ಕಿ ಸೇರಿಸೋ ಯೋಚನೆ ಇದ್ದರೆ: ರಕ್ತ ದೇಹತೂಕದ 1 ಶೇಕಡಾ ಮೀರಬಾರದು. 15 ಗ್ರಾಂ ಹಕ್ಕಿಗೆ ಅದು 0.15 ಮಿ.ಲೀ., ಅದಕ್ಕಿಂತ ಕಡಿಮೆಯಲ್ಲೇ ಕೆಲಸ ಆಗುತ್ತಾ ನೋಡಿ. ಟ್ರಾನ್ಸ್‌ಮಿಟರ್ ತೂಕ ಪಟ್ಟಿ, ಅಂಟು ಎಲ್ಲಾ ಸೇರಿ ಹಾರೋ ಪ್ರಾಣಿಗೆ 3 ಶೇಕಡಾ ಒಳಗೆ ಇರಲಿ. ಕಾಲುಂಗುರ ಎಲ್ಲಿಂದ ಅನ್ನೋದನ್ನೂ ಬರೀಬೇಕು. ನಮ್ಮಲ್ಲಿ ಉಂಗುರ ಕೊಡೋದು, ದಾಖಲೆ ಇಡೋದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, 1927ರಿಂದ. ಸ್ವಂತ ಉಂಗುರ ಮಾಡಿಸಿ ಹಾಕಿದರೆ ಆ ಹಕ್ಕಿ ಬೇರೆ ಕಡೆ ಸಿಕ್ಕಾಗ ಯಾರಿಗೂ ಗುರುತಾಗಲ್ಲ. ರೇಡಿಯೋ ಕಾಲರ್ ಅಂದ್ರೆ ತರಂಗಾಂತರಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಅನುಮತಿ ಬೇರೆ, ಕಾಡಿನ ಅನುಮತಿ ಬೇರೆ. ಕಾಲರ್ ಬಂದು ಕಸ್ಟಮ್ಸ್‌ನಲ್ಲಿ ಕೂತ ಮೇಲೆ ಇದು ನೆನಪಾಗೋದು ಮಾಮೂಲು.

ಪಶುವೈದ್ಯೆ_ಬಯಲು:
ಕಾಡಿನ ಇಲಾಖೆಯದು ಒಂದು ಹಳಿ. ಇನ್ನೊಂದು ಹಳಿ ಪ್ರಾಣಿ ನೈತಿಕ ಸಮಿತಿ. ಅದರ ಬೇರು ಬೇರೆ ಕಾಯ್ದೆಯಲ್ಲಿದೆ: ಪ್ರಾಣಿ ಹಿಂಸೆ ತಡೆ ಕಾಯ್ದೆ, 1960, ಮತ್ತು ಅದರಡಿಯ 1998ರ ನಿಯಮಗಳು. ಮೇಲೆ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಸಿಸಿಎಸ್ಇಎ ಎಂಬ ಕೇಂದ್ರ ಸಮಿತಿ (ಹಿಂದೆ ಸಿಪಿಸಿಎಸ್ಇಎ ಎನ್ನುತ್ತಿದ್ದರು), ಕೆಳಗೆ ಸಂಸ್ಥೆಯೊಳಗಿನ ಸಮಿತಿ. ಸಂಸ್ಥೆ ನೋಂದಣಿ ಆಗಿರಬೇಕು. ಪ್ರಸ್ತಾವವನ್ನು ನಮೂನೆ ಬಿಯಲ್ಲಿ ಕೊಡಬೇಕು. ಸಭೆಯಲ್ಲಿ ಕೇಂದ್ರ ಸಮಿತಿ ನಾಮನಿರ್ದೇಶನ ಮಾಡಿದ ಸದಸ್ಯರು ಇರಲೇಬೇಕು, ಆದ್ದರಿಂದ ದಿನಾಂಕ ಗೊತ್ತುಮಾಡುವಾಗ ಅವರ ಬಿಡುವು ಮೊದಲು ಕೇಳಿ. ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗ ಸಂಸ್ಥೆಯ ಮಟ್ಟದಲ್ಲಿ ಮುಗಿಯುವುದಿಲ್ಲ, ಕೇಂದ್ರ ಸಮಿತಿಗೆ ಹೋಗುತ್ತದೆ.

ಇಲ್ಲಿ ಎಲ್ಲರೂ ಸಿಕ್ಕಿಕೊಳ್ಳುವ ಒಂದು ಗಂಟಿದೆ. ನೈತಿಕ ಸಮಿತಿ "ಅರಣ್ಯ ಇಲಾಖೆಯ ಅನುಮತಿ ತನ್ನಿ" ಎನ್ನುತ್ತದೆ, ಇಲಾಖೆ "ನೈತಿಕ ಸಮಿತಿಯ ಪತ್ರ ಎಲ್ಲಿ" ಎನ್ನುತ್ತದೆ. ಬಿಡಿಸುವ ದಾರಿ: "ವನ್ಯಜೀವಿ ಕಾಯ್ದೆಯಡಿ ಅನುಮತಿ ದೊರೆತ ನಂತರವೇ ಕೆಲಸ ಆರಂಭಿಸತಕ್ಕದ್ದು" ಎಂಬ ಷರತ್ತಿನ ಮೇಲೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಪಡೆಯಿರಿ, ಅದನ್ನು ಅರಣ್ಯದ ಅರ್ಜಿಗೆ ಲಗತ್ತಿಸಿ, ಅನುಮತಿ ಬಂದ ಮೇಲೆ ಪ್ರತಿಯನ್ನು ಸಮಿತಿಗೆ ಸಲ್ಲಿಸಿ. ಹಿಂದುಮುಂದಾಗಿ ಮಾಡಿದರೆ ಕಾಡಿನ ಅನುಮತಿಯ ಅವಧಿ ಸಮಿತಿಯ ಸಭೆ ಕಾಯುವುದರಲ್ಲೇ ಕರಗುತ್ತದೆ. ಎರಡೂ ಕಡೆ ಕೊಡುವ ವಿಧಾನದ ಪಠ್ಯ ಅಕ್ಷರಶಃ ಒಂದೇ ಇರಲಿ. ಒಂದರಲ್ಲಿ 31, ಇನ್ನೊಂದರಲ್ಲಿ 40 ಎಂದಿದ್ದರೆ ಎರಡೂ ಅನುಮಾನಕ್ಕೆ ಗುರಿ.

ಸಮಿತಿ ನೋಡುವುದು ಮೂರು ಪ್ರಶ್ನೆ. ಪ್ರಾಣಿಯನ್ನು ಮುಟ್ಟದೆ ಉತ್ತರ ಸಿಗುವುದೇ, ಕಡಿಮೆ ಸಂಖ್ಯೆಯಲ್ಲಿ ಸಿಗುವುದೇ, ಕಡಿಮೆ ನೋವಿನಲ್ಲಿ ಸಿಗುವುದೇ. ಕಪ್ಪೆಯ ಬೆರಳು ಕತ್ತರಿಸಿ ಗುರುತು ಹಾಕುವುದನ್ನು ತೆಗೆದುಕೊಳ್ಳಿ. ಅಗ್ಗ, ಸುಲಭ, ಹಳೆಯ ಪದ್ಧತಿ. ಆದರೆ ಹಲವು ಜಾತಿಗಳಲ್ಲಿ ಬೆನ್ನಿನ ಚುಕ್ಕೆಗಳ ಫೋಟೋದಿಂದಲೇ ಒಂದೊಂದನ್ನೂ ಗುರುತಿಸಬಹುದು. ದೊಡ್ಡ ಕಪ್ಪೆಗೆ ಚರ್ಮದಡಿ ಇಡುವ ಪಿಟ್ ಟ್ಯಾಗ್ ಎಂಬ ಗುರುತಿನ ಚಿಪ್ ಇದೆ. ಇವು ಏಕೆ ಆಗುವುದಿಲ್ಲ ಎಂದು ಬರೆಯದೆ ಬೆರಳು ಕತ್ತರಿಸುತ್ತೇವೆ ಎಂದರೆ ಪ್ರಸ್ತಾವ ತಿರುಗಿ ಬರುತ್ತದೆ.

ಗಾಯಗೊಂಡ ಪ್ರಾಣಿಗೆ ಏನು ಮಾಡುತ್ತೀರಿ ಎಂಬ ಅಂಕಣವನ್ನು ಖಾಲಿ ಬಿಡಬೇಡಿ. "ಅಂಥ ಸಂದರ್ಭ ಬರುವುದಿಲ್ಲ" ಎಂದು ಬರೆಯುವುದು ಖಾಲಿ ಬಿಡುವುದಕ್ಕಿಂತ ಕೆಟ್ಟದ್ದು. ದಯಾಮರಣದ ವಿಧಾನ, ಮಾಡುವವರು ಯಾರು, ಕಳೇಬರ ಎಲ್ಲಿಗೆ, ಎಲ್ಲವನ್ನೂ ಬರೆಯಿರಿ. ಈಥರ್, ಕ್ಲೋರೋಫಾರ್ಮ್ ಎಂದು ಬರೆದರೆ ಆ ಪುಟಕ್ಕೇ ಕೆಂಪು ಗೆರೆ. ಕಪ್ಪೆಗೆ ಎಂಎಸ್-222 ಎಂಬ ಅರಿವಳಿಕೆ ಬಳಸುವವರು ಅದು ನೀರಿನಲ್ಲಿ ಆಮ್ಲೀಯವಾಗುತ್ತದೆ ಎಂಬುದನ್ನು ಮರೆಯುತ್ತಾರೆ. ಸೋಡಿಯಂ ಬೈಕಾರ್ಬೊನೇಟ್ ಸೇರಿಸಿ ಪಿಎಚ್ 7ರ ಹತ್ತಿರ ತರದಿದ್ದರೆ ಚರ್ಮ ಉರಿಯುತ್ತದೆ. ಈ ಒಂದು ಸಾಲು ಇದೆಯೇ ಎಂದು ನೋಡಿಯೇ ಬರೆದವರಿಗೆ ಕೆಲಸ ಗೊತ್ತಿದೆಯೇ, ಇಲ್ಲವೇ ಎಂದು ಅಳೆಯುತ್ತಾರೆ. ಸಸ್ತನಿಗೆ ಅರಿವಳಿಕೆ ಬೇಕಾದರೆ ಪಶುವೈದ್ಯರ ಹೆಸರು ತಂಡದಲ್ಲಿರಲಿ. ಕೆಟಮೈನ್ ಔಷಧ ನಿಯಮಗಳ ಎಕ್ಸ್ ಪಟ್ಟಿಯಲ್ಲಿದೆ, ಬೀದಿ ಅಂಗಡಿಯಿಂದ ತಂದು ಬ್ಯಾಗಿನಲ್ಲಿಟ್ಟು ಹೋಗುವ ವಸ್ತುವಲ್ಲ.

ಎರಡನೇಸಾಲು:
ಸ್ವಾಬ್ ತೆಗೆಯೋದು "ದೇಹದ ಭಾಗ ತೆಗೆಯೋದು" ಆಗಲ್ಲ ಅಲ್ವಾ? ಹಾಗಿದ್ರೆ ಕಲಂ 12 ಬೇಡ?

ಹಳೇಕಡತ:
ಸ್ವಾಬ್ ತೆಗೆಯಲು ಕಪ್ಪೆಯನ್ನು ಹಿಡಿಯಬೇಕಲ್ಲ. ಅನುಸೂಚಿಯಲ್ಲಿರುವ ಕಪ್ಪೆಯಾದರೆ ಹಿಡಿಯುವುದೇ ಬೇಟೆ.

ಪಶುವೈದ್ಯೆ_ಬಯಲು:
ಸ್ವಾಬ್ ವಿಷಯ ಬಂದದ್ದರಿಂದ: ಕಪ್ಪೆಗಳ ಚರ್ಮಕ್ಕೆ ರೋಗ ತರುವ ಕೈಟ್ರಿಡ್ ಶಿಲೀಂಧ್ರ ನೋಡಲು ತೆಗೆಯುವುದಾದರೆ, ಒಂದು ಕೊಳದಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುವವರು ನೀವೇ ಆಗಬಾರದು. ಪ್ರತಿ ಕಪ್ಪೆಗೆ ಹೊಸ ಕೈಗವಸು, ಪ್ರತಿ ಕಪ್ಪೆಗೆ ಹೊಸ ಚೀಲ, ಬೂಟು ಮತ್ತು ಬಲೆಯ ಮಣ್ಣನ್ನು ಮೊದಲು ಉಜ್ಜಿ ತೊಳೆದು ಆಮೇಲೆ 70 ಶೇಕಡಾ ಎಥನಾಲ್, ಒಣಗಿಸಿ ಮುಂದಿನ ಜಾಗಕ್ಕೆ. ಮಣ್ಣಿನ ಮೇಲೆಯೇ ಎಥನಾಲ್ ಹುಯ್ದರೆ ಪ್ರಯೋಜನವಿಲ್ಲ. ಇದನ್ನೂ ಅರ್ಜಿಯಲ್ಲಿ ಬರೆಯಿರಿ. ಮಾದರಿ ಇಡಲು ಶುದ್ಧ ಎಥನಾಲ್ ಕೊಳ್ಳಬೇಕಲ್ಲ, ಅದಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಕಾಲೇಜಿನ ಹೆಸರಿನಲ್ಲಿ ಇದೆಯೇ ನೋಡಿಕೊಳ್ಳಿ.

ಮನುಷ್ಯರ ಸುರಕ್ಷತೆಗೂ ಒಂದು ಪುಟ. ಬಾವಲಿ ಮುಟ್ಟುವ ಪ್ರತಿಯೊಬ್ಬರಿಗೂ ರೇಬೀಸ್ ಮುಂಜಾಗ್ರತಾ ಲಸಿಕೆ ಆಗಿರಬೇಕು: ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯಂತೆ 0 ಮತ್ತು 7ನೇ ದಿನ. ಲಸಿಕೆ ಆಗಿದೆ ಎಂದು ಕಚ್ಚಿದ್ದನ್ನು ಮರೆಯುವಂತಿಲ್ಲ, ಆಗಲೂ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಮತ್ತೆರಡು ಡೋಸ್, 0 ಮತ್ತು 3ನೇ ದಿನ. ಶಿವಮೊಗ್ಗ ಮತ್ತು ಸುತ್ತಿನ ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳು ಇರುತ್ತದೆ. ಸತ್ತ ಮಂಗ ಕಂಡರೆ ಮಾದರಿ ತೆಗೆಯುವ ಉತ್ಸಾಹ ಬೇಡ, ಆರೋಗ್ಯ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಿ ದೂರ ನಿಲ್ಲಿ.

ತೇವದೆಲೆ:
ಇನ್ನು ಎರಡನೇ ಭಾಗ, ವಿದ್ಯಾರ್ಥಿಗಳ ಪಾಠ. ಅಲ್ಲಿ ಬಲೆ ಕಟ್ಟಿ ತೋರಿಸಬಹುದೇ?

ಗೂಬೆಕಣ್ಣು:
ಬೇಡ ಎನ್ನುವುದು ನನ್ನ ಅಭಿಪ್ರಾಯ. ಕಲಂ 12ರಲ್ಲಿ "ಶಿಕ್ಷಣ" ಎಂಬ ಪದ ಇದೆ, ನಿಜ. ಆದರೆ 12 ಜನರ ಕೈಗೆ ಒಂದೇ ಬಾವಲಿ ದಾಟಿ ಬರುವ ಹೊತ್ತಿಗೆ ಅದರ ಗತಿ ಏನು? ಸಂಶೋಧನೆಗೆ ಹಿಡಿದದ್ದನ್ನು ದೂರದಿಂದ ನೋಡಲಿ. ಪಾಠಕ್ಕೆ ಕೂಗು ಕೇಳಿ ಕಪ್ಪೆ ಗುರುತಿಸುವುದು, ಕ್ಯಾಮೆರಾ ಟ್ರ್ಯಾಪ್ ಚಿತ್ರ ವಿಂಗಡಿಸುವುದು, ಹೆಜ್ಜೆ ಗುರುತು, ಬಾವಲಿಯ ಧ್ವನಿಯ ಚಿತ್ರ ಓದುವುದು, ಇದಕ್ಕೆಲ್ಲ ಕಲಂ 28ರ ಪ್ರವೇಶ ಸಾಕು.

ಕಾಲೇಜಿನಲ್ಲಿ ಪ್ರಾಣಿ ಕೊಯ್ದು ಪಾಠ ಮಾಡುವ ಕಾಲ ಮುಗಿದಿದೆ. ಯುಜಿಸಿ 2011ರಲ್ಲಿ ಹಂತಹಂತವಾಗಿ ಕಡಿಮೆ ಮಾಡಲು ಹೇಳಿತು, 2014ರಲ್ಲಿ ನಿಲ್ಲಿಸಲು ಹೇಳಿತು. ಹಾವು ಹಿಡಿಯುವವರನ್ನು ಕರೆಸಿ ತರಗತಿಯಲ್ಲಿ ಹಾವು ಬಿಚ್ಚಿ ತೋರಿಸುವುದಕ್ಕೆ "ಜಾಗೃತಿ" ಎಂದು ಹೆಸರಿಟ್ಟರೂ ಕಲಂ 9 ಬದಲಾಗುವುದಿಲ್ಲ.

ಕಪಾಟಿನ_ಕೀಲಿ:
ಪಾಠ ಅಂದಾಗ ಯಾರೂ ನೆನೆಯದ ಒಂದು ಮೂಲೆ ಇದೆ: ವಿಭಾಗದ ಸಂಗ್ರಹಾಲಯದ ಗಾಜಿನ ಕಪಾಟು. ಹಳೆಯ ಚಿರತೆ ತಲೆಬುರುಡೆ, ಚಿಪ್ಪುಹಂದಿಯ ಚಿಪ್ಪು, ಫಾರ್ಮಲಿನ್ ಬಾಟಲಿಯ ಹಾವು. ಇವುಗಳ ದಾಖಲೆ ಕೇಳಿದರೆ ಬಹಳ ಕಡೆ ಮೌನ. ತಮ್ಮಲ್ಲಿರುವ ಇಂಥ ವಸ್ತುಗಳನ್ನು ಘೋಷಿಸಲೆಂದು 2003ರಲ್ಲಿ 180 ದಿನಗಳ ಅವಕಾಶ ಇತ್ತು. ಆ ಕಾಲದ ರಸೀದಿ, ಮಾಲೀಕತ್ವದ ಪ್ರಮಾಣಪತ್ರ ಏನಾದರೂ ಕಡತದಲ್ಲಿದೆಯೇ ಹುಡುಕಿ. ಇಲ್ಲದಿದ್ದರೆ ಮುಚ್ಚಿಡುವುದಕ್ಕಿಂತ ಪ್ರತಿಯೊಂದರ ಫೋಟೋ, ಅಳತೆ, ಚೀಟಿಯಲ್ಲಿರುವ ವರ್ಷ, ದಾಖಲೆ ಪುಸ್ತಕದ ಕ್ರಮಸಂಖ್ಯೆ ಸೇರಿಸಿ ಪಟ್ಟಿ ಮಾಡಿ ಸಂಸ್ಥೆಯ ಮುಖ್ಯಸ್ಥರ ಸಹಿಯೊಂದಿಗೆ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಬರೆಯುವುದು ಮೇಲು.

ರಸ್ತೆಯಲ್ಲಿ ಸತ್ತುಬಿದ್ದ ಪುನುಗು ಬೆಕ್ಕನ್ನು "ಪಾಠಕ್ಕೆ" ಎಂದು ಎತ್ತಿಕೊಂಡು ಬರುವುದೂ ಬೇಡ. ಕಲಂ 39ರ ಪ್ರಕಾರ ಸತ್ತ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳ ಅಂಗಾಂಶ ಬೇಕಿದ್ದರೆ ಅದನ್ನೂ ಮೊದಲೇ ಅರ್ಜಿಯಲ್ಲಿ ಒಂದು ಕ್ರಿಯಾಪದವಾಗಿ ಸೇರಿಸಿ. ನವಿಲಿನ ಬಾಲದ ಗರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನು ಕಂಡು ಎಲ್ಲ ಹಕ್ಕಿಗಳ ಗರಿಗೂ ಇದೆ ಎಂದು ಮಕ್ಕಳಿಗೆ ಆಲ್ಬಂ ಮಾಡಿಸುವ ಶಾಲೆಗಳಿವೆ!

ಎರಡನೇಸಾಲು:
ಅಂಗಾಂಶವನ್ನ ಹೊರದೇಶದ ಪ್ರಯೋಗಾಲಯಕ್ಕೆ ಕಳಿಸೋದಿದ್ರೆ?

ಕಪಾಟಿನ_ಕೀಲಿ:
ಆದಷ್ಟು ಇಲ್ಲೇ ಡಿಎನ್ಎ ತೆಗೆದು, ಇಲ್ಲೇ ಅನುಕ್ರಮ ಓದಿಸಿ. ಕಳಿಸಲೇಬೇಕಾದರೆ ಮೂರು ಬಾಗಿಲು. ಜೈವಿಕ ವೈವಿಧ್ಯ ಕಾಯ್ದೆ, 2002ರಡಿ ಚೆನ್ನೈನ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರ. ಜಾತಿ ಸೈಟಿಸ್ ಪಟ್ಟಿಯಲ್ಲಿದ್ದರೆ ಅದರ ಪರವಾನಗಿ. ಆಮೇಲೆ ಆ ದೇಶದ ಪಶು ಆರೋಗ್ಯದ ಆಮದು ನಿಯಮ. ಒಂದು ಹನಿ ರಕ್ತವೂ, ಕೊಳವೆಯಲ್ಲಿನ ಡಿಎನ್ಎಯೂ ಸೈಟಿಸ್ ಲೆಕ್ಕದಲ್ಲಿ ಮಾದರಿಯೇ. ಅನುಬಂಧ 1ರ ಜಾತಿಗೆ ಆಚೆಯ ದೇಶದ ಆಮದು ಪರವಾನಗಿ ಮೊದಲು, ನಮ್ಮ ರಫ್ತು ಪರವಾನಗಿ ನಂತರ. ರಫ್ತಿನದು 6 ತಿಂಗಳು ಮಾತ್ರ ಊರ್ಜಿತ, ಆದ್ದರಿಂದ ಪೆಟ್ಟಿಗೆ ಸಿದ್ಧವಿಲ್ಲದೆ ಅದನ್ನು ತೆಗೆದಿಟ್ಟುಕೊಳ್ಳಬೇಡಿ. ನೋಂದಾಯಿತ ಸಂಗ್ರಹಾಲಯಗಳ ನಡುವಿನ ಸಾಲ-ವಿನಿಮಯಕ್ಕೆ ಒಪ್ಪಂದದಲ್ಲೇ ಸಡಿಲಿಕೆ ಇದೆ, ಆದರೆ ಎರಡೂ ಕಡೆಯ ಸಂಸ್ಥೆ ನೋಂದಾಯಿತವಾಗಿರಬೇಕು.

ಹೊರದೇಶದ ಪ್ರಜೆ ತಂಡದಲ್ಲಿದ್ದರೆ ಪ್ರಾಧಿಕಾರದ ಪೂರ್ವಾನುಮತಿ ಮಾದರಿ ಕಳಿಸುವುದಕ್ಕೆ ಮಾತ್ರವಲ್ಲ, ಇಲ್ಲಿ ಮಾದರಿ ಪಡೆದು ಸಂಶೋಧನೆ ಮಾಡುವುದಕ್ಕೇ ಬೇಕು.

ಬಲೆಕಂಬ:
ಅನುಮತಿ ಕೈಗೆ ಬಂದ ಮೇಲೆ ಎಡವೋ ಜಾಗಗಳನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಪತ್ರ ಬಂತು ಅಂತ ಅಲ್ಲೇ ಓದೋದು ನಿಲ್ಲಿಸ್ತಾರೆ.

ರಾತ್ರಿ ಕೆಲಸ. ಕಪ್ಪೆ, ಬಾವಲಿ ಎರಡೂ ರಾತ್ರಿಯವು. ಅರ್ಜಿಯಲ್ಲಿ "ಸಂಜೆ 6ರಿಂದ ಬೆಳಗ್ಗೆ 6ರವರೆಗೆ, ಕಾಲ್ನಡಿಗೆಯಲ್ಲಿ, ಇಂತಿಂಥ ಹಳ್ಳದ ಗುಂಟ" ಅಂತ ಸಮಯ ಬರೆಯದಿದ್ದರೆ ಪತ್ರದಲ್ಲಿ ಸೂರ್ಯಾಸ್ತದೊಳಗೆ ಹೊರಬರಬೇಕು ಅನ್ನೋ ಮಾಮೂಲಿ ಷರತ್ತು ಬಂದು ಕೂರುತ್ತೆ. ಆಮೇಲೆ ತಿದ್ದಿಸೋದು ಹೊಸ ಅರ್ಜಿಯಷ್ಟೇ ಕಷ್ಟ.

ಹೆಸರುಗಳು. ಸಹಾಯಕರು, ಚಾಲಕರು, ವಾಹನ ಸಂಖ್ಯೆ ಎಲ್ಲಾ ಪಟ್ಟಿಯಲ್ಲಿರಬೇಕು. ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟು ಹೋಗ್ತಾರೆ, ಅದಕ್ಕೆ ಇಬ್ಬರು ಮೂವರ ಹೆಸರು ಹೆಚ್ಚಿಗೆ ಸೇರಿಸಿ. ಪಟ್ಟಿಯಲ್ಲಿಲ್ಲದ ಗೆಳೆಯರನ್ನ "ಸುಮ್ಮನೆ ನೋಡೋಕೆ" ಅಂತ ಜೀಪಲ್ಲಿ ಹತ್ತಿಸಿಕೊಳ್ಳೋದು, ಅಲ್ಲೇ ಕೆಡೋದು.

ಜಾಗ. ವಲಯ, ಗಸ್ತು ಹೆಸರು, ಅಕ್ಷಾಂಶ-ರೇಖಾಂಶ. ಹುಲಿ ಮೀಸಲಾದರೆ, ಅಂದರೆ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ, ಅಲ್ಲಿ ಕೋರ್ ಪ್ರದೇಶ ನಿಜವಾಗಿ ಬೇಕಾ ಅಂತ ಯೋಚಿಸಿ. ಅದೇ ಪ್ರಶ್ನೆಗೆ ಕೋರ್ ಸುತ್ತಲಿನ ಬಫರಿನಲ್ಲಿ ಉತ್ತರ ಸಿಗೋದಾದರೆ ಬಫರ್ ಕೇಳಿ.

ಡ್ರೋನು. 250 ಗ್ರಾಂ ಒಳಗಿನ ನ್ಯಾನೋಗೆ 2021ರ ನಿಯಮದಲ್ಲಿ ಪೈಲಟ್ ಪ್ರಮಾಣಪತ್ರ ಬೇಡ ಅಂದ ಮಾತ್ರಕ್ಕೆ ಅಭಯಾರಣ್ಯದ ಮೇಲೆ ಹಾರಿಸಬಹುದು ಅಂತಲ್ಲ. ಅದೂ ಅರ್ಜಿಯಲ್ಲಿ ಇರಬೇಕು.

ಸಮಯ. ಮಳೆಗಾಲದ ಕಪ್ಪೆ ಕೆಲಸಕ್ಕೆ ಏಪ್ರಿಲ್‌ನಲ್ಲಿ ಅರ್ಜಿ ಹಾಕೋದು ತಡ. ಫೆಬ್ರವರಿಯಿಂದ ಮೇವರೆಗೆ ಕಾಡಿನ ಸಿಬ್ಬಂದಿ ಬೆಂಕಿ ಕಾಯೋದರಲ್ಲಿ ಇರ್ತಾರೆ, ಸ್ಥಳೀಯ ಅಭಿಪ್ರಾಯ ಕೇಳಿ ಬಂದ ಕಡತ ಅಲ್ಲೇ ಮಲಗುತ್ತೆ. ಹಿಂದಿನ ಮಳೆಗಾಲ ಮುಗೀತಿದ್ದ ಹಾಗೇ ಹಾಕಿ.

ಗೂಬೆಕಣ್ಣು:
ಮಲಗಿದ ಕಡತ ಎಬ್ಬಿಸಲು ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಕಡತ ಯಾರ ಮೇಜಿನ ಮೇಲಿದೆ ಎಂದು ಲಿಖಿತವಾಗಿ ಬರುತ್ತದೆ.

ಹಳೇಕಡತ:
ಹಾಕಬಹುದು, ಹಕ್ಕು ನಿಮ್ಮದು. ಆದರೆ ಅದು ಕೊನೆಯ ಮೆಟ್ಟಿಲು. ಮೊದಲು ವಿಭಾಗೀಯ ಕಚೇರಿಗೆ ಹೋಗಿ ಸ್ಥಳೀಯ ಅಭಿಪ್ರಾಯ ಕೇಳಿದ ಪತ್ರದ ಸಂಖ್ಯೆ, ದಿನಾಂಕ ತಿಳಿದುಕೊಳ್ಳಿ. ಬಹಳ ಸಲ ಕಡತ ನಿಂತಿರುವುದು ದ್ವೇಷದಿಂದಲ್ಲ, ಒಂದು ಲಗತ್ತು ಇಲ್ಲದೆ, ಅಥವಾ ನಕ್ಷೆಯಲ್ಲಿನ ಬಿಂದು ಪಕ್ಕದ ವಲಯದಲ್ಲಿ ಬಿದ್ದದ್ದರಿಂದ.

ಪರವಾನಗಿ ಸಾಮಾನ್ಯವಾಗಿ ಸೀಮಿತ ಅವಧಿಯದು. ಮೂರು ವರ್ಷದ ಯೋಜನೆಗೆ ನವೀಕರಣ ಬೇಕಾಗುತ್ತದೆ, ನವೀಕರಣಕ್ಕೆ ಪ್ರಗತಿ ವರದಿ. ಆ ವರದಿಯಲ್ಲಿ ಅಧಿಕಾರಿಗಳು ನೋಡುವುದು ನಿಮ್ಮ ಗ್ರಾಫ್‌ಗಳನ್ನಲ್ಲ. ಅನುಮತಿಸಿದ ಸಂಖ್ಯೆ, ಹಿಡಿದ ಸಂಖ್ಯೆ, ಸತ್ತ ಸಂಖ್ಯೆ, ಉದ್ದೇಶಿಸದ ಜಾತಿ, ಮಾದರಿ ಈಗ ಎಲ್ಲಿದೆ: ಈ ಐದು. ಸತ್ತದ್ದು ಸೊನ್ನೆ ಎಂದು ಸುಳ್ಳು ಬರೆಯಬೇಡಿ. 300 ಬಾವಲಿ ಹಿಡಿದು ಒಂದೂ ಸತ್ತಿಲ್ಲವೆಂದರೆ ಬಲ್ಲವರು ನಂಬುವುದಿಲ್ಲ. ಎರಡು ಸತ್ತವು, ಕಾರಣ ಇಂಥದ್ದು, ಬಲೆಯ ವೇಳೆ ಹೀಗೆ ಬದಲಿಸಿದೆವು ಎಂದರೆ ನಂಬಿಕೆ ಉಳಿಯುತ್ತದೆ.

ತೇವದೆಲೆ:
ಹಾಗಾದರೆ ಎರಡು ಅರ್ಜಿ ಮಾಡುತ್ತೇನೆ. ಸಂಶೋಧನೆಗೆ ಕಲಂ 12, 28 ಮತ್ತು ಮಾದರಿ ಒಯ್ಯುವುದು, ಜೊತೆಗೆ ನೈತಿಕ ಸಮಿತಿಯ ಷರತ್ತುಬದ್ಧ ಒಪ್ಪಿಗೆ. ಪಾಠಕ್ಕೆ ಬರೀ ಕಲಂ 28, ಬಲೆ ಇಲ್ಲ. ನಮ್ಮ ಕಾಲೇಜಿನಲ್ಲಿ ನೈತಿಕ ಸಮಿತಿಯೇ ಇಲ್ಲ, ಅದೊಂದು ಉಳಿಯಿತು.

ಪಶುವೈದ್ಯೆ_ಬಯಲು:
ಸಮಿತಿ ಇರುವ ನೋಂದಾಯಿತ ಸಂಸ್ಥೆಯ ಒಬ್ಬರನ್ನು ಸಹ-ಸಂಶೋಧಕರಾಗಿ ಸೇರಿಸಿಕೊಂಡು ಅಲ್ಲಿಂದ ಪ್ರಸ್ತಾವ ಕಳಿಸಿ. ಹೆಸರಿಗೆ ಮಾತ್ರ ಸೇರಿಸಬೇಡಿ, ಅವರು ಒಂದು ರಾತ್ರಿಯಾದರೂ ಬಲೆಯ ಪಕ್ಕ ನಿಲ್ಲಬೇಕು. ಹಾಗೆ ಮಾಡಿದರೆ ಅರಣ್ಯದ ಅರ್ಜಿಯಲ್ಲೂ ಅವರ ಹೆಸರು ಬರಬೇಕು, ಬಲೆಕಂಬ ಅವರು ಹೇಳಿದ ಪಟ್ಟಿಯಲ್ಲಿ.